ಕಡಲಿಗೂ ಇರುಳು ಬೇಕು

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಮಲ್ಪೆಯಲ್ಲಿಯೋ ಗಂಗೊಳ್ಳಿಯಲ್ಲಿಯೋ ದಡದ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ, ನೀರೂ ಆಕಾಶವೂ ಕೂಡುವ ಗೆರೆಯ ಮೇಲೆ ಒಮ್ಮೊಮ್ಮೆ ಬೆಳ್ಳನೆಯ ಒಂದು ಹೊಳಪು ಕಾಣುವುದುಂಟು. ಹೊಸಬರು ಅದನ್ನು ಚಂದ್ರೋದಯದ ಮುನ್ಸೂಚನೆಯೆಂದು ತಿಳಿದಾರು. ಆದರೆ ಚಂದ್ರನು ಪಶ್ಚಿಮದಲ್ಲಿ ಹುಟ್ಟುವುದಿಲ್ಲ. ಆ ದಿಕ್ಕಿನಲ್ಲಿ ಅರಬ್ಬೀ ಸಮುದ್ರವಲ್ಲದೆ ಬೇರೆ ಊರೂ ಇಲ್ಲ. ಅದು ಮೀನನ್ನು ಕರೆಯುವುದಕ್ಕೆಂದು ದೋಣಿಗಳ ಮೇಲೆ ಹೊತ್ತಿಸಿದ ಎಲ್.ಇ.ಡಿ. ದೀಪಗಳ ಬೆಳಕು.

ಈ ಬಗೆಯ ಮೀನುಗಾರಿಕೆಯು ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. 2017ನೆಯ ಇಸವಿ ನವೆಂಬರ್ 10ರಂದು ಕೇಂದ್ರ ಸರಕಾರವು ಆಜ್ಞೆಯೊಂದನ್ನು ಹೊರಡಿಸಿ, ದೀಪದಿಂದ ಮೀನನ್ನು ಆಕರ್ಷಿಸಿ ಹಿಡಿಯುವುದನ್ನೂ, ಎರಡು ದೋಣಿಗಳು ಒಂದೇ ಬಲೆಯನ್ನು ಎಳೆದೊಯ್ಯುವ ಬುಲ್ ಟ್ರಾಲಿಂಗನ್ನೂ ತಡೆಯಿತು. 2025ರ ನವೆಂಬರಿನಲ್ಲಿ ಹೊರಬಂದ ನಿಯಮಗಳು ಅದನ್ನೇ ಮತ್ತೊಮ್ಮೆ ಹೇಳಿವೆ. ಒಂದೇ ಮಾತನ್ನು ಎರಡು ಸಲ ಹೇಳಬೇಕಾಗಿ ಬಂದಿತೆಂದರೆ ಮೊದಲನೆಯ ಸಲ ಅದು ಕಿವಿಗೆ ಬೀಳಲಿಲ್ಲವೆಂದೇ ಅರ್ಥವಲ್ಲವೆ? ಈ ನಿಷೇಧವು ಕಾಗದದಿಂದ ಕಡಲಿಗೆ ಇಳಿಯಬೇಕೆಂಬುದು ನಮ್ಮ ಅಭಿಪ್ರಾಯ. ಭೌತವಿಜ್ಞಾನವನ್ನು ಪಾಠ ಹೇಳುವವರಿಗೆ ಮೀನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಒಂದು ಕಾರಣವುಂಟು.

2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ ನೀಲಿ ಎಲ್.ಇ.ಡಿ.ಯನ್ನು ಕಂಡುಹಿಡಿದುದಕ್ಕಾಗಿ ಭೌತವಿಜ್ಞಾನದ ನೊಬೆಲ್ ಬಹುಮಾನವು ದೊರೆಯಿತು. ಅಂದಿನಿಂದ ವರ್ಷವರ್ಷವೂ ತರಗತಿಯಲ್ಲಿ ನಾವು ಆ ದೀಪದ ಗುಣಗಾನವನ್ನು ಮಾಡುತ್ತ ಬಂದಿರುವೆವು. ಹಳೆಯ ತಂತಿಯ ದೀಪವು ಒಂದು ವಾಟ್ ಶಕ್ತಿಗೆ ಸುಮಾರು 15 ಲ್ಯೂಮೆನ್ ಬೆಳಕನ್ನು ಕೊಟ್ಟರೆ, ಇದು 100ಕ್ಕೂ ಮೀರಿ ಕೊಡುತ್ತದೆ; ಬಡವನ ಗುಡಿಸಲಿಗೂ ಬೆಳಕು ಬಂದಿತು; ಕಲ್ಲಿದ್ದಲು ಉಳಿಯಿತು, ಇತ್ಯಾದಿ. ಒಂದು ದಿನ ಕರಾವಳಿಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ನಮ್ಮ ಊರಿನಲ್ಲಿ ಇದನ್ನು ಕಡಲಿಗೆ ಕೊಂಡೊಯ್ಯುತ್ತಾರೆ. ಬೆಳಕು ನೀರಿನಲ್ಲಿ ಬೇಗ ನಂದುತ್ತದೆಂದು ನೀವು ಹೇಳಿದಿರಿ. ಹಾಗಾದರೆ ಅಷ್ಟು ಆಳದಲ್ಲಿರುವ ಮೀನಿಗೆ ಅದು ಕಾಣುವುದು ಹೇಗೆ?" ಎಂದು ಕೇಳಿದನು. ಆ ಪ್ರಶ್ನೆಗೆ ಅಂದು ನಾವು ಅರ್ಧ ಉತ್ತರವನ್ನು ಮಾತ್ರ ಕೊಟ್ಟೆವು. ಉಳಿದ ಅರ್ಧವೇ ಈ ಲೇಖನ.

ನೀರು ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಹೀರುವುದಿಲ್ಲ. ಕೆಂಪು ಬೆಳಕು ಶುದ್ಧವಾದ ನೀರಿನಲ್ಲಿಯೂ ಎರಡು ಮೀಟರು ಹೋಗುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. ಇನ್ನೆರಡು ಮೀಟರಿಗೆ ಕಾಲುಭಾಗ. ಹೀಗೆ ಇಪ್ಪತ್ತು ಮೀಟರಿನಲ್ಲಿ ಸಾವಿರದ ಒಂದು ಭಾಗವು ಮಾತ್ರ ಉಳಿಯುತ್ತದೆ. ನೀಲಿಯ ಸಂಗತಿ ಬೇರೆ. ತಿಳಿಯಾದ ಸಾಗರದಲ್ಲಿ ಅದು ಹತ್ತಾರು ಮೀಟರು ಆಳಕ್ಕೆ ಹೆಚ್ಚು ನಷ್ಟವಿಲ್ಲದೆ ಇಳಿಯಬಲ್ಲದು. ದಡದ ಹತ್ತಿರ, ನದಿಗಳು ತಂದ ಕಳೆಯೂ ಮಣ್ಣೂ ಬೆರೆತ ನೀರಿನಲ್ಲಿ ಆ ಹಿರಿಮೆಯು ಹಸುರಿಗೆ ಸಲ್ಲುತ್ತದೆ. ತಂತಿಯ ದೀಪದಲ್ಲಿ ಹೆಚ್ಚಾಗಿರುವುದು ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಶಾಖಕಿರಣ. ಅವೆರಡನ್ನೂ ಕಡಲು ಮೇಲ್ಗಡೆಯೇ ನುಂಗಿಬಿಡುತ್ತಿತ್ತು. ಬಿಳಿಯ ಎಲ್.ಇ.ಡಿ.ಯಾದರೋ ಮೂಲತಃ ನೀಲಿ ದೀಪವೇ. ಅದರ ಮೇಲಿನ ಹಳದಿ ಫಾಸ್ಫರ್ ಲೇಪವು ಆ ನೀಲಿಯಲ್ಲಿ ಒಂದು ಪಾಲನ್ನು ಬದಲಿಸಿ ನಮ್ಮ ಕಣ್ಣಿಗೆ ಬಿಳಿಯೆಂದು ತೋರಿಸುತ್ತದೆ. ಅಂದರೆ, ಕಡಲೊಳಗೆ ಬಹು ದೂರ ಸಾಗಬಲ್ಲ ಬಣ್ಣಗಳೇ ಈ ದೀಪದಲ್ಲಿ ಧಾರಾಳವಾಗಿವೆ. ಇದನ್ನು ನಿರ್ಮಿಸಿದವರು ಮೀನನ್ನು ನೆನೆದವರಲ್ಲ. ಆದರೂ ಮೀನಿಗೆ ಗಾಳವನ್ನು ಮಾಡಿಕೊಡಿರೆಂದು ಯಾರಾದರೂ ಕೇಳಿದ್ದರೆ ಇದಕ್ಕಿಂತ ಚೆನ್ನಾಗಿ ಮಾಡಿಕೊಡುವುದು ಕಷ್ಟವಾಗುತ್ತಿತ್ತು.

ಒಂದು ಸಣ್ಣ ಲೆಕ್ಕವನ್ನು ಹಾಕೋಣ. ದೋಣಿಯೊಂದರಲ್ಲಿ 10 ಕಿಲೋವಾಟ್ ದೀಪಗಳಿವೆಯೆಂದು ಇಟ್ಟುಕೊಳ್ಳಿರಿ. ಬೆಳಕು ಸುಮಾರು ಹತ್ತು ಲಕ್ಷ ಲ್ಯೂಮೆನ್ ಆಯಿತು. ಅಷ್ಟೂ ಕೆಳಮುಖವಾಗಿ ಅರ್ಧಗೋಲದಂತೆ ಹರಡಿದರೆ 50 ಮೀಟರು ದೂರದಲ್ಲಿ ಅದರ ಪ್ರಖರತೆ 64 ಲಕ್ಸ್. ಹುಣ್ಣಿಮೆಯ ಚಂದ್ರನು ನಡುನೆತ್ತಿಯಲ್ಲಿದ್ದಾಗ ಕೊಡುವುದು ಕಾಲು ಲಕ್ಸಿನಷ್ಟು. ಎಂದರೆ ಇದು ಇನ್ನೂರೈವತ್ತು ಹುಣ್ಣಿಮೆಗಳು ಒಟ್ಟಿಗೆ ಬಂದಂತೆ. ನೀರು ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಕಳೆದುಬಿಟ್ಟರೂ ಉಳಿಯುವುದು ಎರಡೂವರೆ ಹುಣ್ಣಿಮೆ! ಹಳೆಯ ದೀಪಗಳಿಂದ ಇದೇ ಬೆಳಕನ್ನು ಪಡೆಯಬೇಕಾಗಿದ್ದರೆ ಅರುವತ್ತೇಳು ಕಿಲೋವಾಟ್ ಜನರೇಟರನ್ನು ಹೊತ್ತು ಸಾಗಬೇಕಾಗುತ್ತಿತ್ತು. ಅದರ ಡೀಸೆಲ್ ವೆಚ್ಚವೇ ಮೀನುಗಾರನನ್ನು ತಡೆಯುತ್ತಿತ್ತು. ಉಳಿತಾಯದ ದೀಪವು ಆ ತಡೆಯನ್ನು ತೆಗೆದುಹಾಕಿತು.

ಬೆಳಕಿಗೆ ಮೊದಲು ಬರುವುವು ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಜೀವಿಗಳು. ಅವುಗಳನ್ನು ತಿನ್ನಲು ಮರಿಮೀನುಗಳು, ಆ ಮರಿಗಳ ಬೆನ್ನು ಹತ್ತಿ ಬಂಗುಡೆ, ಬೊಂಡಾಸು ಮೊದಲಾದುವು. ಹಿಂಡಿನಲ್ಲಿ ಬಾಳುವ ಅನೇಕ ಮೀನುಗಳು ಒಂದನ್ನೊಂದು ಕಣ್ಣಿನಿಂದ ನೋಡಿಯೇ ಹಿಂಡನ್ನು ಕಾಯ್ದುಕೊಳ್ಳುತ್ತವೆ, ಕತ್ತಲಾದೊಡನೆ ಚದುರಿಹೋಗುತ್ತವೆ. ಚದುರಿದ ಮೀನನ್ನು ಹಿಡಿಯುವುದು ಲಾಭದ ಕೆಲಸವಲ್ಲ. ಇರುಳೆಂಬುದು ಮೀನಿಗೆ ಪ್ರಕೃತಿಯು ಕೊಟ್ಟ ಕೋಟೆ. ದೀಪವು ಆ ಕೋಟೆಯ ಬಾಗಿಲನ್ನು ಒಳಗಿನಿಂದಲೇ ತೆರೆಸುತ್ತದೆ. ಸುತ್ತ ಪರ್ಸೀನ್ ಬಲೆಯನ್ನು ಬಿಟ್ಟು, ಅದರ ತಳದ ಹಗ್ಗವನ್ನು ಚೀಲದ ಬಾಯಿಯಂತೆ ಬಿಗಿದರೆ ಮುಗಿಯಿತು. ದೊಡ್ಡದು ಚಿಕ್ಕದೆಂಬ ಭೇದವಿಲ್ಲದೆ ಬೆಳಕನ್ನು ನಂಬಿ ಬಂದುದೆಲ್ಲವೂ ಮೇಲಕ್ಕೆ ಬರುತ್ತದೆ.

ಇಲ್ಲಿ ನಮ್ಮ ಕರಾವಳಿಯ ಹಳೆಯ ರಂಪಣಿಯನ್ನು ನೆನೆಯದೆ ಇರಲಾಗದು. ಸುಮಾರು ಒಂದು ಕಿಲೋಮೀಟರು ಉದ್ದದ ಬಲೆ. ಎರಡು ತುದಿಗಳನ್ನು ದಡದಿಂದ ಎಳೆಯಲು ನೂರರಷ್ಟು ಜನ. ಬಂದುದರಲ್ಲಿ ಎಲ್ಲರಿಗೂ ಪಾಲು. ಮೀನು ದಡದ ಕಡೆಗೆ ತಾನಾಗಿ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿಯು ಹಿಂದೆ ಸರಿಯಿತು. ಗತಕಾಲವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ರಂಪಣಿಯ ಕಾಲದಲ್ಲಿ ಮೀನುಗಾರನ ಮನೆಯಲ್ಲಿ ತುಂಬಿ ತುಳುಕುತ್ತಿದ್ದುದು ಹಸಿವೇ ಹೊರತು ಹಣವಲ್ಲ. ಆದರೆ ಆ ಬಲೆಯಲ್ಲಿ ಒಂದು ಗುಣವಿದ್ದಿತು. ಕಡಲಿನಲ್ಲಿ ಮೀನು ಕಡಮೆಯಾದೊಡನೆ ಬಲೆಯೂ ಬರಿದಾಗುತ್ತಿತ್ತು; ಬರಿಯ ಬಲೆಯನ್ನು ಎಷ್ಟು ದಿನ ಎಳೆದಾರು? ಜನರು ಸುಮ್ಮನಾಗುತ್ತಿದ್ದರು, ಕಡಲಿಗೆ ಬಿಡುವು ಸಿಗುತ್ತಿತ್ತು. ಉಗಿಯಂತ್ರದಲ್ಲಿ ವೇಗವು ಮಿತಿಮೀರಿದರೆ ತಾನಾಗಿ ಉಗಿಯನ್ನು ತಡೆಯುವ ಗವರ್ನರ್ ಎಂಬ ಸಾಧನವಿರುವುದು ವಾಚಕರಿಗೆ ತಿಳಿದಿದೆಯಷ್ಟೆ. ಹಳೆಯ ಮೀನುಗಾರಿಕೆಯಲ್ಲಿ ಅಂತಹ ಒಂದು ಗವರ್ನರ್ ಇದ್ದಿತು. ದೀಪವು ಅದನ್ನು ಕಿತ್ತೆಸೆದಿದೆ. ಹತ್ತು ಮೈಲಿಯಲ್ಲಿ ಚದುರಿದ ಕೊನೆಯ ಮೀನುಗಳನ್ನೂ ಅದು ಒಂದೆಡೆಗೆ ಕೂಡಿಸಿ ಕೊಡುವುದರಿಂದ ಬಲೆಯು ತುಂಬಿಯೇ ಬರುತ್ತದೆ. ಬಲೆ ತುಂಬಿರುವುದರಿಂದ ಕಡಲೂ ತುಂಬಿದೆಯೆಂಬ ಭ್ರಾಂತಿ ಹುಟ್ಟುತ್ತದೆ.

ಈ ಭ್ರಾಂತಿಯ ಬೆಲೆಯನ್ನು ತೆತ್ತವರಿದ್ದಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರೆಯ ಕಾಡ್ ಮೀನು ಶತಮಾನಗಳಿಂದ ಜಗತ್ಪ್ರಸಿದ್ಧವಾಗಿದ್ದಿತು. 1883ರಲ್ಲಿ ಲಂಡನ್ನಿನ ಮೀನುಗಾರಿಕಾ ಪ್ರದರ್ಶನದಲ್ಲಿ ಟಿ. ಎಚ್. ಹಕ್ಸ್‌ಲಿಯಂತಹ ಮಹಾ ವಿಜ್ಞಾನಿಯೇ ದೊಡ್ಡ ಸಮುದ್ರಗಳ ಮೀನು ಬಹುಶಃ ಎಂದಿಗೂ ತೀರದೆಂಬ ಮಾತನ್ನಾಡಿದ್ದನು. ಯಂತ್ರಗಳು ಬಂದುವು. ಮೀನು ಕಡಮೆಯಾಗುತ್ತ ಬಂದಂತೆ ಉಳಿದ ಕಾಡ್ ದಟ್ಟವಾಗಿ ಒಂದೆಡೆ ಗುಂಪುಗೂಡಿತು. ದೋಣಿಗಳಿಗೆ ಹಿಡಿತವು ಚೆನ್ನಾಗಿಯೇ ಸಿಗುತ್ತಿತ್ತು. ಅಂಕಿಗಳನ್ನು ನೋಡುತ್ತಿದ್ದವರಿಗೆ ಸಂಶಯ ಬರಲು ತಡವಾಯಿತು. 1992ರ ಜುಲೈಯಲ್ಲಿ ಆ ಮೀನುಗಾರಿಕೆಯನ್ನು ಒಮ್ಮೆಗೇ ಮುಚ್ಚಬೇಕಾಗಿ ಬಂದು ಸುಮಾರು 30,000 ಜನರು ಕೆಲಸವನ್ನು ಕಳೆದುಕೊಂಡರು. ಎರಡು ವರ್ಷಕ್ಕೆಂದು ಮುಚ್ಚಿದ ಬಾಗಿಲನ್ನು ಮಿತವಾದ ಪ್ರಮಾಣದಲ್ಲಿ ಮತ್ತೆ ತೆರೆದುದು 2024ರಲ್ಲಿ. ಆಗ ಬಲೆಯನ್ನು ಮಡಿಸಿಟ್ಟ ಯುವಕನಿಗೆ ಈಗ ಮೊಮ್ಮಕ್ಕಳಿರಬಹುದು.

ಇನ್ನು ಮರಿಮೀನಿನ ಮಾತು. ನಮ್ಮ ಭೂತಾಯಿ ಮೀನು ಸುಮಾರು ಒಂದು ವರ್ಷದಲ್ಲಿ 15 ಸೆಂಟಿಮೀಟರು ಬೆಳೆದು ಮೊಟ್ಟೆಯಿಡುವ ಪ್ರಾಯಕ್ಕೆ ಬರುತ್ತದೆ. ಅದರ ಅರ್ಧ ಉದ್ದದ, ಏಳೂವರೆ ಸೆಂಟಿಮೀಟರಿನ ಮರಿಯನ್ನು ಹಿಡಿದರೆ ನಷ್ಟವು ಅರ್ಧವೆಂದು ತೋರಬಹುದು. ಹಾಗಲ್ಲ. ಆಕಾರವು ಒಂದೇ ಆಗಿರುವಾಗ ತೂಕವು ಉದ್ದದ ಘನಕ್ಕೆ ಅನುಗುಣವಾಗಿರುವುದರಿಂದ, ಆ ಮರಿಯ ತೂಕವು ಬೆಳೆದ ಮೀನಿನ ಎಂಟನೆಯ ಒಂದು ಭಾಗ ಮಾತ್ರ. ಬಿಟ್ಟರೆ ಅವೆಲ್ಲವೂ ಬದುಕುವುದಿಲ್ಲ, ದೊಡ್ಡ ಮೀನುಗಳು ತಿನ್ನುತ್ತವೆಂದು ಆಕ್ಷೇಪಿಸಬಹುದು. ಸರಿ, ನಾಲ್ಕರಲ್ಲಿ ಮೂರು ಸತ್ತವೆಂದೇ ಭಾವಿಸೋಣ. ಆಗಲೂ ಉಳಿದ ಒಂದು ಪಾಲಿನ ತೂಕವು ಮೊದಲಿನ ಒಟ್ಟು ತೂಕದ ಇಮ್ಮಡಿಯಾಗಿರುತ್ತದೆ. ಮೇಲಾಗಿ ಅವು ಮೊಟ್ಟೆಯಿಟ್ಟಿರುತ್ತವೆ. ಹೈಸ್ಕೂಲಿನ ಗಣಿತವು ಇಷ್ಟನ್ನು ಹೇಳುತ್ತಿರುವಾಗ, ಮರಿಗಳನ್ನು ರಾಶಿಗಟ್ಟಲೆ ಹಿಡಿದು, ಊಟದ ತಟ್ಟೆಗೂ ಬಾರದಂತೆ, ಮೀನುಹಿಟ್ಟಿನ ಕಾರ್ಖಾನೆಗೆ ಸಾಗಿಸುವುದನ್ನು ಏನೆಂದು ಕರೆಯಬೇಕು? ನಮ್ಮ ಹಳ್ಳಿಗಳಲ್ಲಿ ಬಿತ್ತನೆಯ ಬತ್ತವನ್ನು ಕುಟ್ಟಿ ಉಂಡವನನ್ನು ಕರೆಯುವ ಹೆಸರುಗಳಿವೆ, ಅಚ್ಚಿನಲ್ಲಿ ಬರೆಯತಕ್ಕವಲ್ಲ. ನೆರೆಯ ಕೇರಳವು ಭೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14 ಸೆಂಟಿಮೀಟರುಗಳ ಕನಿಷ್ಠ ಅಳತೆಯನ್ನು ವಿಧಿಸಿದೆ. ಆದರೆ ದೀಪದ ಕೆಳಗೆ ಬಲೆಯನ್ನು ಬಿಡುವವನ ಕೈಯಲ್ಲಿ ಅಳತೆಗೋಲಿದ್ದು ಪ್ರಯೋಜನವೇನು? ಮೀನು ಮೇಲೆ ಬಂದ ಮೇಲಲ್ಲವೆ ಅಳೆಯುವುದು!

ಇಷ್ಟು ಹೇಳಿದ ಮೇಲೆ, ಎಲ್ಲ ಪಾಪವನ್ನೂ ಮೀನುಗಾರನ ತಲೆಗೆ ಕಟ್ಟುವುದು ಅನ್ಯಾಯವಾಗುತ್ತದೆ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ನುಗಳಷ್ಟು ಭೂತಾಯಿ ಸಿಕ್ಕಿದ್ದಿತು. 2021ರಲ್ಲಿ ಸಿಕ್ಕಿದುದು 3,297 ಟನ್ನು. ನೂರು ರೂಪಾಯಿ ಒಂದು ರೂಪಾಯಿಗಿಂತಲೂ ಕೆಳಗಿಳಿದಂತೆ! ಮರುವರ್ಷವೇ ಅದು ಮತ್ತೆ ಲಕ್ಷವನ್ನು ದಾಟಿತು. ಇಂತಹ ಏರಿಳಿತವು ಬಲೆಯೊಂದರಿಂದಲೇ ಆಗುವಂತಹುದಲ್ಲ. 1940ರ ದಶಕದಲ್ಲಿ, ಯಂತ್ರದ ದೋಣಿಯೇ ಇಲ್ಲದ ಕಾಲದಲ್ಲಿಯೂ ಭೂತಾಯಿ ಕಾಣೆಯಾಗಿದ್ದಿತು. ಕಾರಣವನ್ನು ತಿಳಿಯಬೇಕಾದರೆ ಮಳೆಗಾಲದ ಗಾಳಿಯ ಕಡೆಗೆ ತಿರುಗಬೇಕು.

ನಾನ್ಸೆನ್ ಎಂಬ ನಾರ್ವೆಯ ಸಾಹಸಿಯು ಫ್ರಾಮ್ ಎಂಬ ಹಡಗಿನಲ್ಲಿ ಉತ್ತರಧ್ರುವದ ಹಿಮದೊಡನೆ ತೇಲುತ್ತಿರುವಾಗ, ಮಂಜಿನ ಗಡ್ಡೆಗಳು ಗಾಳಿ ಬೀಸಿದ ಕಡೆಗೆ ನೇರವಾಗಿ ಹೋಗದೆ ಬಲಕ್ಕೆ ವಾಲಿ ಸಾಗುವುದನ್ನು ಕಂಡನು. ಭೂಮಿಯು ತಿರುಗುತ್ತಿರುವುದೇ ಇದಕ್ಕೆ ಕಾರಣ. ಸ್ವೀಡನ್ನಿನ ಎಕ್ಮನ್ 1905ರಲ್ಲಿ ಇದರ ಗಣಿತವನ್ನು ಬಿಡಿಸಿ, ಉತ್ತರಾರ್ಧ ಗೋಲದಲ್ಲಿ ಗಾಳಿಯು ತಳ್ಳಿದ ಮೇಲ್ಪದರದ ನೀರು ಒಟ್ಟಿನಲ್ಲಿ ಗಾಳಿಯ ದಿಕ್ಕಿಗೆ ಬಲಕ್ಕೆ ಲಂಬವಾಗಿ ಸಾಗುವುದೆಂದು ತೋರಿಸಿದನು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಗಾಳಿಯ ಒಂದಂಶವು ದಡದುದ್ದಕ್ಕೆ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ದಕ್ಷಿಣಕ್ಕೆ ಮುಖಮಾಡಿ ನಿಂತವನ ಬಲಗೈ ಪಶ್ಚಿಮ. ಆದುದರಿಂದ ದಡದ ಮೇಲ್ನೀರು ನಡುಗಡಲಿಗೆ ಸರಿಯುತ್ತದೆ. ತೆರವಾದ ಜಾಗವನ್ನು ತುಂಬಲು ತಳದ ತಣ್ಣೀರು ಮೇಲೇರುತ್ತದೆ. ಆ ನೀರಿನಲ್ಲಿ ನೈಟ್ರೇಟು, ಫಾಸ್ಫೇಟುಗಳು ಹೇರಳ. ಗದ್ದೆಗೆ ಗೊಬ್ಬರವನ್ನೆರಚಿ ಮೇಲೆ ಬಿಸಿಲು ಬಿದ್ದರೆ ಹೇಗೋ ಹಾಗೆ, ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳು ಕಡಲಲ್ಲಿ ಕೋಟಿಕೋಟಿಯಾಗಿ ಬೆಳೆಯುತ್ತವೆ. ಭೂತಾಯಿಯ ಆಹಾರವೇ ಅದು. ಈ ಮೇಲ್ಚಲನೆಯು ಕೇರಳದಲ್ಲಿ ಬಲವಾಗಿಯೂ ಉತ್ತರಕ್ಕೆ ಬರಬರುತ್ತ ಕ್ಷೀಣವಾಗಿಯೂ ಇರುತ್ತದೆ. ಗಾಳಿಯು ಹೆಚ್ಚುಕಡಮೆಯಾದರೆ, ಸಮುದ್ರವು ಕಾದರೆ, ಎಲ್ ನಿನೊದಂತಹ ವ್ಯತ್ಯಾಸಗಳು ಬಂದರೆ, ಆ ವರ್ಷ ಮರಿಗಳಿಗೆ ಬರಗಾಲ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾಲಯದವರು ಇದನ್ನು ದೀರ್ಘಕಾಲದಿಂದ ಗಮನಿಸುತ್ತಿದ್ದಾರೆ.

ದೀಪದ ದೋಣಿಯವರು ಈ ಸಂಗತಿಯನ್ನೇ ತಮ್ಮ ವಾದಕ್ಕೆ ಆಧಾರವಾಗಿ ಹಿಡಿಯುವುದುಂಟು: ಎಲ್ಲವೂ ಗಾಳಿ ನೀರುಗಳ ಆಟವಾದರೆ ನಮ್ಮ ದೀಪದ ತಪ್ಪೇನು ಎಂದು. ನಾವು ಇದೇ ಸಂಗತಿಯಿಂದ ವಿರುದ್ಧವಾದ ತೀರ್ಮಾನಕ್ಕೆ ಬರುತ್ತೇವೆ. ಮಳೆಯು ನೆಚ್ಚಿಕೆಯದಲ್ಲವೆಂದು ಬಯಲುಸೀಮೆಯ ರೈತನು ಕಣಜದ ತಳವನ್ನು ಕೆರೆಯುವನೆ? ಬರಗಾಲ ಬರುವುದೆಂದು ತಿಳಿದಿರುವುದರಿಂದಲೇ ಬೀಜವನ್ನು ಕಾಪಾಡುತ್ತಾನೆ. 2021ರ ಮರುವರ್ಷ ಭೂತಾಯಿ ಮರಳಿ ಬಂದುದಕ್ಕೆ ಎಲ್ಲಿಯೋ ಒಂದಿಷ್ಟು ಬೀಜ ಉಳಿದಿದ್ದುದೇ ಕಾರಣ. ಆ ಉಳಿಕೆಯನ್ನು ಹುಡುಕಿ ತೆಗೆಯುವ ಶಕ್ತಿಯಿರುವ ಸಾಧನವೊಂದಿದ್ದರೆ ಅದು ಈ ದೀಪವೇ.

ದೋಣಿಯವರ ಇನ್ನೊಂದು ಮಾತನ್ನು ಮಾತ್ರ ನಾವು ಸುಲಭವಾಗಿ ತಳ್ಳಿಹಾಕಲಾರೆವು. ದೋಣಿಗೆ ಸಾಲ, ಬಲೆಗೆ ಸಾಲ, ಡೀಸೆಲ್‌ಗೆ ಸಾಲ. ನಾವು ದೀಪವನ್ನು ಆರಿಸಿದರೆ ಪಕ್ಕದ ದೋಣಿಯವನು ಹೊತ್ತಿಸುತ್ತಾನೆ, ಅವನೂ ಆರಿಸಿದರೆ ಹೊರ ರಾಜ್ಯದವನು ಬರುತ್ತಾನೆ ಎನ್ನುತ್ತಾರೆ. ಇದು ನಿಜ. ಒಬ್ಬನೇ ಸತ್ಯವಂತನಾಗುವುದರಿಂದ ಕಡಲು ಉಳಿಯುವುದಿಲ್ಲ, ಅವನು ಮಾತ್ರ ಮುಳುಗುತ್ತಾನೆ. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ ಅಧಿಕಾರ, ಅದರಾಚೆ 200 ಮೈಲಿಯವರೆಗೆ ಕೇಂದ್ರದ್ದು. ಮೀನಿಗೆ ಈ ಗೆರೆಯು ತಿಳಿಯದು. ದೀಪದವರಿಗಾದರೋ ಚೆನ್ನಾಗಿ ತಿಳಿದಿದೆ. ಆದಕಾರಣ ನಿಷೇಧವು ಎಲ್ಲರಿಗೂ ಒಂದೇ ದಿನ, ಒಂದೇ ತೂಕದಲ್ಲಿ ಜಾರಿಗೆ ಬರಬೇಕು. ಇಂದು ಇದರ ಪೆಟ್ಟನ್ನು ತಿನ್ನುತ್ತಿರುವವರು ದಡದ ಹತ್ತಿರದಲ್ಲಿಯೇ ಹೊಟ್ಟೆ ಹೊರೆಯುವ ನಾಡದೋಣಿಯವರು. ಆಳಕಡಲಿನಲ್ಲಿ ಕೂಡಿಹಾಕಿ ಹಿಡಿದ ಮೀನು ಅವರ ಬಲೆಯವರೆಗೆ ಬರುವುದೇ ಇಲ್ಲ. ಅವರು ಮತ್ತೆಮತ್ತೆ ಬೀದಿಗಿಳಿದು ಪ್ರತಿಭಟಿಸಿರುವುದರಲ್ಲಿ ಆಶ್ಚರ್ಯವೇನು?

ವಿಶಾಲವಾದ ಕಡಲಿನಲ್ಲಿ ಕಾವಲು ಸಾಧ್ಯವಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಕಳ್ಳತನಗಳಲ್ಲೆಲ್ಲ ಇದೊಂದು ವಿಚಿತ್ರವಾದ ಕಳ್ಳತನ. ಇಲ್ಲಿ ಕಳ್ಳನು ತಾನಾಗಿ ದೀಪ ಹಿಡಿದು ನಿಂತಿರುತ್ತಾನೆ! ಅಮೆರಿಕೆಯು 2011ರಲ್ಲಿ ಹಾರಿಸಿದ ಸುಓಮಿ ಎಂಬ ಉಪಗ್ರಹದಲ್ಲಿ ರಾತ್ರಿಯ ಮಂದ ಬೆಳಕನ್ನು ಕಾಣಬಲ್ಲ ಒಂದು ಕಣ್ಣಿದೆ. ನಡುರಾತ್ರಿ ಒಂದೂವರೆ ಗಂಟೆಯ ಸುಮಾರಿಗೆ ಅದು ನಮ್ಮ ಮೇಲೆ ಹಾದುಹೋಗುವಾಗ, ಮೋಡವಿಲ್ಲದಿದ್ದರೆ, ಕಡಲಿನ ಮೇಲಿನ ಪ್ರಖರವಾದ ದೀಪಗಳು ಮುಕ್ಕಾಲು ಕಿಲೋಮೀಟರಿನಷ್ಟು ಸೂಕ್ಷ್ಮತೆಯಿಂದ ಅದರ ಚಿತ್ರದಲ್ಲಿ ಮೂಡುತ್ತವೆ. ಹಡಗಿನ ಸಂಚಾರದೀಪಗಳು ಅದಕ್ಕೆ ಗೋಚರವಾಗುವಷ್ಟು ಪ್ರಖರವಲ್ಲ. ಕಾಣುವುವು ಮೀನನ್ನು ಕರೆಯುವ ದೀಪಗಳಂಥವೇ. ಹಲವು ದೇಶಗಳ ಕಡಲುಗಳಲ್ಲಿ ದೀಪದ ದೋಣಿಗಳನ್ನು ಈ ವಿಧಾನದಿಂದಲೇ ಎಣಿಸಿದ್ದಾರೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಉಪಗ್ರಹದಿಂದ ಕಡಲಿನ ಉಷ್ಣತೆಯನ್ನೂ ಹಸುರನ್ನೂ ಅಳೆದು, ಮೀನು ಎಲ್ಲಿ ಸಿಕ್ಕೀತೆಂದು ಮೀನುಗಾರರಿಗೆ ತಿಳಿಸುತ್ತ ಬಂದಿದೆ, ಉಪಕಾರವೇ ಸರಿ. ಮೀನು ಎಲ್ಲಿದೆಯೆಂದು ಆಕಾಶದಿಂದ ನೋಡಬಲ್ಲ ದೇಶಕ್ಕೆ ದೀಪವೆಲ್ಲಿದೆಯೆಂದು ನೋಡಲಾಗದೆ?

ಅಷ್ಟು ಮೇಲಕ್ಕೆ ಹೋಗುವ ಅಗತ್ಯವೂ ಇಲ್ಲ. ಹತ್ತು ಕಿಲೋವಾಟ್ ಜನರೇಟರು ಜೇಬಿನಲ್ಲಿ ಅಡಗುವ ವಸ್ತುವಲ್ಲ. ಅದನ್ನು ದೋಣಿಗೆ ಹತ್ತಿಸುವುದು ಬಂದರಿನ ಕಟ್ಟೆಯ ಮೇಲೆ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ. ಪಶ್ಚಿಮ ಕರಾವಳಿಯ ಯಂತ್ರದ ದೋಣಿಗಳೆಲ್ಲವೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧದ ಕಾರಣದಿಂದ ಬಂದರಿನಲ್ಲಿಯೇ ತಂಗಿರುತ್ತವೆ. ಒಂದೊಂದು ದೋಣಿಯನ್ನೂ ಹತ್ತಿ, ದೀಪದ ಕಂಬವೆಷ್ಟು, ಜನರೇಟರಿನ ಶಕ್ತಿಯೆಷ್ಟು ಎಂದು ಬರೆದುಕೊಳ್ಳುವುದಕ್ಕೆ ಆ ಎರಡು ತಿಂಗಳು ಧಾರಾಳವಾಗಿ ಸಾಕು. ಹೆಚ್ಚಿನದನ್ನು ಇಳಿಸಿದ ದೋಣಿಗೆ ಮಾತ್ರ ಆಗಸ್ಟ್ 1ರಂದು ಡೀಸೆಲಿನ ರಿಯಾಯಿತಿಯನ್ನು ಕೊಡತಕ್ಕದ್ದು. ಆ ವಿದ್ಯಾರ್ಥಿಯ ಪ್ರಶ್ನೆಗೆ ನಾವು ಕೊಡದೆ ಉಳಿಸಿದ್ದ ಉತ್ತರದ ಭಾಗವು ಇದು. ಅವನ ಮನೆಯವರಿಗೂ ಒಂದು ಪರ್ಸೀನ್ ದೋಣಿಯಲ್ಲಿ ಪಾಲುಂಟೆಂದು ಆಮೇಲೆ ತಿಳಿಯಿತು.